ಗೋಳಗುಮ್ಮಟದ ಮೇಲಿನ ಕಪ್ಪು ಚುಕ್ಕೆ: ಒಂದು ಸ್ಟಾಕ್ ಫೋಟೊ ತಾಣದ ದೀರ್ಘಕಾಲದ ಬಳಕೆಯ ಬಗ್ಗೆ

ವಿಜಯಪುರದಲ್ಲಿ ಮದುವೆ, ಕುಬಸಗಳ ಫೋಟೊ ತೆಗೆಯುವುದು ನನ್ನ ಕಸುಬು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಸ್ಮಾರಕಗಳ ಮತ್ತು ಜೋಳದ ಹೊಲಗಳ ಚಿತ್ರಗಳನ್ನು ಚಿತ್ರಗಳನ್ನು ಪರಿಶೀಲಿಸಿ ಮಾರಾಟಕ್ಕಿಡುವ ಸ್ಟಾಕ್ ಫೋಟೊ ತಾಣವೊಂದಕ್ಕೆ ಕಳುಹಿಸುತ್ತ ಬಂದಿದ್ದೇನೆ. ಕನಿಷ್ಠ 4 ಮೆಗಾಪಿಕ್ಸೆಲ್, ಜೆಪೆಗ್, ಬಣ್ಣಗಳಿಗೆ ಎಸ್‌ಆರ್‌ಜಿಬಿ ಎಂಬ ನಿಯಮಗಳನ್ನು ಇಂದಿನ ಯಾವ ಕ್ಯಾಮೆರಾ ಆದರೂ ಪೂರೈಸುತ್ತದೆ. ನಮ್ಮ ಕಡೆಯ ಚಿತ್ರಗಳು ತಿರಸ್ಕೃತವಾಗುವುದು ಹೆಚ್ಚಾಗಿ ಧೂಳಿನಿಂದ.

ಎರೆಭೂಮಿಯ ಸಣ್ಣ ಧೂಳು ಲೆನ್ಸ್ ಬದಲಿಸುವಾಗ ಒಳಗೆ ನುಗ್ಗಿ, ಚಿತ್ರ ಹಿಡಿಯುವ ಸೆನ್ಸರಿನ ಮುಂದೆ ಕೂರುತ್ತದೆ. ಲೆನ್ಸಿನ ಕಿಂಡಿ ಅಗಲವಾಗಿರುವ ಎಫ್/5.6ರಲ್ಲಿ ಅದು ಮಸುಕಾಗಿ ಮರೆಯಾಗಿದ್ದು, ಗುಮ್ಮಟ ಪೂರ್ತಿ ಸ್ಪಷ್ಟವಾಗಿ ಬರಲೆಂದು ಕಿಂಡಿ ಕಿರಿದಾಗಿಸಿ ಎಫ್/16ಕ್ಕೆ ಹೋದೊಡನೆ ನೀಲಿ ಆಕಾಶದಲ್ಲಿ ದುಂಡನೆಯ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಆದ್ದರಿಂದ ಹೊರಡುವ ಮುನ್ನ ಫ್ಯಾನ್ ಆರಿಸಿ, ಲೆನ್ಸ್ ಕಳಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು, ಕೈಯಿಂದ ಒತ್ತುವ ರಬ್ಬರ್ ಬ್ಲೋಯರಿನಿಂದ ಗಾಳಿ ಹಾಕುತ್ತೇನೆ. ಸಂಜೆ ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ, ಎಡದಿಂದ ಬಲಕ್ಕೆ, ಸಾಲುಸಾಲಾಗಿ ಆಕಾಶವನ್ನು ಜಾಲಾಡುತ್ತೇನೆ. ಕಂಡದ್ದು ಧೂಳೋ ಹಕ್ಕಿಯೋ ಎಂಬ ಅನುಮಾನ ಬಂದರೆ ಮುಂದಿನ ಫ್ರೇಮನ್ನು ತೆರೆದರಾಯಿತು: ಧೂಳು ಅದೇ ಮೂಲೆಯಲ್ಲಿರುತ್ತದೆ, ಗಿಳಿಯಾಗಿದ್ದರೆ ಹಾರಿಹೋಗಿರುತ್ತದೆ. ಮೊದಮೊದಲು ಬೇಸರ ತರಿಸುತ್ತಿದ್ದ ಈ ಕೆಲಸ ಈಗ ಹಿತವಾಗಿದೆ. ಮದುವೆ ಆಲ್ಬಮ್ಮಿನ ಚಿತ್ರಗಳನ್ನೂ ಹೀಗೆಯೇ ನೋಡುವ ರೂಢಿಯಾಗಿದೆ.

ಗುಮ್ಮಟದ ಒಳಗಿನ ಕಷ್ಟ ಬೇರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯುವುದೆಂದರೆ ಆ ಮಬ್ಬಿನಲ್ಲಿ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ ಏರಿಸಲೇಬೇಕು, ಏರಿಸಿದರೆ ನೆರಳಿನ ಭಾಗಗಳಲ್ಲಿ ಮರಳು ಎರಚಿದಂತೆ ಕಾಣುವ ನಾಯ್ಸ್ ತುಂಬಿಕೊಳ್ಳುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲಿ ಅತಿಯಾಗಿ ಒರೆಸಿದರೆ ಗೋಡೆಯ ಗಾರೆ ಮೈದಾ ಹಿಟ್ಟು ಮೆತ್ತಿದಂತಾಗಿ ಅದಕ್ಕೂ ತಿರಸ್ಕಾರ ಖಚಿತ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ, ಕಿಟಕಿಯ ಬೆಳಕು ಸುಟ್ಟುಹೋಗದಷ್ಟು ಎಕ್ಸ್‌ಪೋಷರ್ ಹೆಚ್ಚಿಟ್ಟು ತೆಗೆದು, 24 ಮೆಗಾಪಿಕ್ಸೆಲ್‌ನ ಚಿತ್ರವನ್ನು ನಾಯ್ಸ್ ಕುಗ್ಗುವಂತೆ 6ಕ್ಕೆ ಇಳಿಸಿ ಕಳುಹಿಸುವುದೇ ನನಗೆ ಸರಿಹೋದ ದಾರಿ. ದೊಡ್ಡ ಗಾತ್ರ ಕೇಳುವ ಗ್ರಾಹಕ ಕೈತಪ್ಪಬಹುದು, ಆದರೆ ಚಿತ್ರ ಸ್ವೀಕಾರವಾಗುತ್ತದೆ.

ಇಷ್ಟರವರೆಗೆ ತಾಣದ ಬಿಗಿಯನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಅವರು ಕೊಡುವ ಕಾರಣದ ರೀತಿ. ‘ನಾಯ್ಸ್, ಗ್ರೇನ್ ಅಥವಾ ಆರ್ಟಿಫ್ಯಾಕ್ಟ್’ ಎಂಬ ಒಂದೇ ಸಾಲಿನಲ್ಲಿ ಪರಸ್ಪರ ಬೇರೆಯಾದ ದೋಷಗಳನ್ನು ಒಟ್ಟಿಗೆ ತುರುಕಿ ಕಳುಹಿಸುತ್ತಾರೆ. ದೋಷ ಎಲ್ಲಿದೆ ಎಂದು ಹೇಳುವುದಿಲ್ಲ. ಇಬ್ರಾಹಿಂ ರೋಜಾದ ಒಂದೇ ಕಮಾನನ್ನು ಒಂದೇ ಸೆಟ್ಟಿಂಗಿನಲ್ಲಿ ಬೆನ್ನುಬೆನ್ನಿಗೆ ತೆಗೆದ ಚಿತ್ರಗಳಲ್ಲಿ ಅಡ್ಡ ಫ್ರೇಮು ಪಾಸಾಗಿ, ಉದ್ದ ಫ್ರೇಮು ‘ಫೋಕಸ್ ಸರಿಯಿಲ್ಲ’ ಎಂದು ವಾಪಸು ಬಂದಾಗ, ನೋಡಿದವರು ಯಾರು, ಎಷ್ಟು ಹಿಗ್ಗಿಸಿ ನೋಡಿದರು ಎಂದು ಕೇಳಬೇಕೆನಿಸಿತು. ಕೇಳಿದೆ. ಅದೇ ಸಾಲು ಮತ್ತೆ ಬಂತು. ಚಿತ್ರದ ಮೇಲೆ ಒಂದು ಕೆಂಪು ಗುರುತು ಹಾಕಿ ಕಳುಹಿಸಿದ್ದರೆ ನನ್ನ ಸಂಜೆಗಳು ಉಳಿಯುತ್ತಿದ್ದವು.

ಬಹಳಷ್ಟು ಡೌನ್‌ಲೋಡುಗಳಿಗೆ ತಲಾ ಹತ್ತಾರು ರೂಪಾಯಿಯಷ್ಟೇ ಸಿಗುವುದರಿಂದ, ಇದಕ್ಕೆಂದೇ ಹೊಸ ಲೆನ್ಸ್ ಕೊಳ್ಳಲು ಹೊರಟವರಿಗೆ ನಾನು ಬೇಡವೆನ್ನುತ್ತೇನೆ. ಕ್ಯಾಮೆರಾ ಈಗಾಗಲೇ ಕೈಯಲ್ಲಿದ್ದು ಸಂಜೆ ಬಿಡುವಿರುವವರು ಮೊದಲು ಒಂದು ಒಳ್ಳೆಯ ಬ್ಲೋಯರ್ ಕೊಳ್ಳಲಿ.