ಕೊಟ್ಟಿಗೆಯಲ್ಲಿ ಮರಗೆಲಸದ ಯಂತ್ರಗಳು: ವೈರಿಂಗ್ ಗುತ್ತಿಗೆದಾರರೊಬ್ಬರ ಕೆಲಸದ ವಿಮರ್ಶೆ

ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ದನದ ಕೊಟ್ಟಿಗೆಯನ್ನು ಮರಗೆಲಸದ ಶೆಡ್ಡಾಗಿ ಮಾಡಿಕೊಂಡಾಗ, ಅದರ ವೈರಿಂಗನ್ನು ಪರವಾನಗಿ ಹೊಂದಿದ ಗುತ್ತಿಗೆದಾರರೊಬ್ಬರಿಗೆ ವಹಿಸಿದ್ದೆವು. ಈಗ ಒಂದು ಮಳೆಗಾಲ ಕಳೆದಿರುವುದರಿಂದ ಅವರ ಕೆಲಸದ ಬಗ್ಗೆ ಧೈರ್ಯವಾಗಿ ಬರೆಯಬಹುದು.

ಮೊದಲ ದಿನ ಅವರು ಒಂದು ಗಜ ವೈರನ್ನೂ ತಂದಿರಲಿಲ್ಲ. ಗರಗಸ ಯಂತ್ರ, ಪ್ಲೇನರ್, ಗ್ರೈಂಡರ್ ಎಲ್ಲೆಲ್ಲಿ ನಿಲ್ಲುತ್ತವೆ, ಹಲಗೆ ಯಾವ ಬಾಗಿಲಿನಿಂದ ಒಳಬರುತ್ತದೆ, ಯಾವ ಯಂತ್ರಗಳು ಒಟ್ಟಿಗೆ ಓಡುತ್ತವೆ ಎಂದು ಕೇಳುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿಕೊಂಡರು. ತೋಟದ ಪಂಪ್‌ಸೆಟ್ಟಿನ ಲೈನಿನಿಂದಲೇ ಎಳೆಯಬಹುದಲ್ಲ ಎಂದ ನನಗೆ, ನೀರಾವರಿಗೆ ಕೊಟ್ಟ ವಿದ್ಯುತ್ತನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲವೆಂದು ತಿಳಿಸಿ, ಪ್ರತ್ಯೇಕ ಮೂರು ಫೇಸ್ ಸಂಪರ್ಕಕ್ಕೆ ಅರ್ಜಿ ಹಾಕಿಸಿದರು.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಎಂಸಿಬಿಯ, ಅಂದರೆ ಕರೆಂಟು ಮಿತಿಮೀರಿದಾಗ ತಾನಾಗಿಯೇ ಬಿದ್ದು ಲೈನನ್ನು ಕಡಿಯುವ ಸ್ವಿಚ್ಚಿನ ಆಯ್ಕೆ. 3 ಎಚ್‌ಪಿ ಪ್ಲೇನರ್ ಓಡುವಾಗ ಸುಮಾರು 5 ಆಂಪಿಯರ್ ಎಳೆದರೂ ಹೊರಡುವ ಕ್ಷಣದಲ್ಲಿ ಅದರ ಆರೇಳು ಪಟ್ಟು ಎಳೆಯುತ್ತದೆ. 10 ಆಂಪಿಯರಿನ ಬಿ ಮಾದರಿಯ ಎಂಸಿಬಿ 30ರಿಂದ 50 ಆಂಪಿಯರಿನೊಳಗೆ ತಟ್ಟನೆ ಬಿದ್ದುಬಿಡುವುದರಿಂದ, 50ರವರೆಗೆ ತಾಳಿಕೊಳ್ಳುವ ಸಿ ಮಾದರಿಯನ್ನು ಹಾಕಿದರು. ಮಲೆನಾಡಿನ ಮಳೆಯಲ್ಲಿ ಒಂದು ಫೇಸ್ ಹೋಗುವುದು ನಮಗೆ ಹೊಸದೇನಲ್ಲ. ಉಳಿದೆರಡರಲ್ಲೇ ಓಡುವ ಮೋಟಾರು ಸುಟ್ಟುಹೋಗುತ್ತದೆಂದು, ಹಾಗಾದೊಡನೆ ಅದನ್ನು ನಿಲ್ಲಿಸುವ ಸಾಧನವನ್ನು ಸ್ಟಾರ್ಟರಿಗೆ ಸೇರಿಸಿದರು. ಜುಲೈ ತಿಂಗಳಲ್ಲಿ ಅದು ಎರಡು ಬಾರಿ ಕೆಲಸಕ್ಕೆ ಬಂತು. ದೀಪಗಳಿಗೆ ಬೇರೆಯೇ ಸರ್ಕ್ಯೂಟ್ ಕೊಟ್ಟಿದ್ದಾರೆ. ಗರಗಸದ ಎಂಸಿಬಿ ಬಿದ್ದಾಗ, ಇನ್ನೂ ತಿರುಗುತ್ತಿರುವ ಅಲಗಿನ ಮುಂದೆ ಕತ್ತಲೆಯಲ್ಲಿ ನಿಲ್ಲಬೇಕಾಗಬಾರದು ಎಂಬುದು ಅವರ ವಿವರಣೆ. ಇದು ನನಗೆ ಹೊಳೆದೇ ಇರಲಿಲ್ಲ. ಕೈಯಲ್ಲಿ ಹಿಡಿಯುವ ಉಪಕರಣಗಳ ಸಾಕೆಟ್ಟುಗಳಿಗೆ ಕರೆಂಟು ಸೋರಿದೊಡನೆ ಲೈನನ್ನು ಕಡಿದು ಶಾಕ್‌ನಿಂದ ಕಾಪಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆ, ಅರ್ತಿಂಗ್ ಹೊಸದಾಗಿ ಆಗಿದೆ.

ದೂರುಗಳೂ ಇವೆ. ಹೇಳಿದ ದಿನಕ್ಕಿಂತ ಮೂರು ವಾರ ತಡವಾಗಿ ಕೆಲಸ ಮುಗಿಸಿದರು. ಮರಗೆಲಸದ ಜಾಗವೆಂದು ಗೊತ್ತಿದ್ದೂ ಮನೆಗೆ ಹಾಕುವ ಸಾಧಾರಣ ಸ್ವಿಚ್ ಪೆಟ್ಟಿಗೆಗಳನ್ನೇ ಹಾಕಿದ್ದರಿಂದ, ಎರಡೇ ತಿಂಗಳಲ್ಲಿ ಅವುಗಳೊಳಗೆ ಮರದ ಹುಡಿ ತುಂಬಿತು. ಬೆಂಕಿಗೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಧೂಳು ತಡೆಯುವ ಐಪಿ54 ದರ್ಜೆಯ ಪೆಟ್ಟಿಗೆಗಳನ್ನು ನಾವೇ ಹಣ ಕೊಟ್ಟು ಹಾಕಿಸಬೇಕಾಯಿತು.

ಸುಗ್ಗಿಗೆ ಮುಂಚೆ ಅಡಿಕೆ ಸುಲಿಯುವ ಯಂತ್ರಕ್ಕೂ ಲೈನ್ ಆಗಬೇಕಿದೆ. ಅದಕ್ಕೆ ಇವರನ್ನೇ ಕರೆಯುತ್ತೇವೆ, ಆದರೆ ಪೆಟ್ಟಿಗೆಯ ದರ್ಜೆಯನ್ನು ದರಪಟ್ಟಿಯಲ್ಲಿ ಬರೆಸಿಕೊಂಡ ಮೇಲೆ.