ದುರ್ಗಿಗುಡಿಯಲ್ಲಿ ಎಲ್‌ಪಿ ಡಿಜಿಟಲ್ ಮಾಡಿಸಿದೆ, ಗಡಿಯಾರದ ಸದ್ದು ಉಳಿಯಿತು

ಶಿವಮೊಗ್ಗದಲ್ಲಿ ಹಳೇ ಎಲ್‌ಪಿಗಳನ್ನು, ಅಂದರೆ ಹಾಡಿನ ವಿನೈಲ್ ತಟ್ಟೆಗಳನ್ನು, ಡಿಜಿಟಲ್ ಮಾಡಿಕೊಡುವವರು ಇದ್ದಾರಾ ಅಂತ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಇದ್ದಾರೆ. ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ, ಮಹಡಿ ಮೇಲೆ, ರೇಡಿಯೋ ಮತ್ತು ಆಂಪ್ಲಿಫೈಯರ್ ರಿಪೇರಿ ಮಾಡುವ ಸಣ್ಣ ಕೋಣೆ. ಬೋರ್ಡ್ ಇಲ್ಲ. ಹಿರಿಯರೊಬ್ಬರು ಒಬ್ಬರೇ ಕೂತು ಕೆಲಸ ಮಾಡುತ್ತಾರೆ. ಕೆಲಸ ಅಪ್ಪಟ.

ನಾನು ಕೊಟ್ಟಿದ್ದು ಸುಲಭದ ಎಲ್‌ಪಿ ಅಲ್ಲ. ಹೆಸರು ‘25 ಓ ಕ್ಲಾಕ್’, ಬ್ಯಾಂಡ್ ‘ದಿ ಡ್ಯೂಕ್ಸ್ ಆಫ್ ಸ್ಟ್ರಾಟೋಸ್ಫಿಯರ್’. ಇಂಗ್ಲೆಂಡಿನ ಸ್ವಿಂಡನ್ ಊರಿನ ಎಕ್ಸ್‌ಟಿಸಿ ಎಂಬ ರಾಕ್ ತಂಡದವರೇ ಹೆಸರು ಬದಲಿಸಿಕೊಂಡು ಮಾಡಿದ ತಟ್ಟೆ ಇದು. ಬಿಡುಗಡೆಗೆ ಅವರು ಹಿಡಿದ ದಿನ 1985ರ ಏಪ್ರಿಲ್ 1. ಆಂಡಿ ಪಾರ್ಟ್ರಿಜ್ ‘ಸರ್ ಜಾನ್ ಜಾನ್ಸ್’ ಆದರು, ಕಾಲಿನ್ ಮೌಲ್ಡಿಂಗ್ ‘ದಿ ರೆಡ್ ಕರ್ಟನ್’ ಆದರು, ಡೇವ್ ಗ್ರೆಗರಿ ‘ಲಾರ್ಡ್ ಕಾರ್ನೀಲಿಯಸ್ ಪ್ಲಮ್’ ಆದರು. ನಿರ್ಮಾಪಕ ಜಾನ್ ಲೆಕಿಗೂ ಇಲ್ಲೊಂದು ಹೆಸರಿದೆ, ‘ಸ್ವಾಮಿ ಆನಂದ್ ನಗರ’. ಅದು ಮಾತ್ರ ವೇಷವಲ್ಲ, ಓಶೋ ಶಿಷ್ಯರಾಗಿ ಅವರು ಪಡೆದ ಹೆಸರು. ಲೆಕಿ 1970ರ ಹೊತ್ತಿಗೆ, ಬೀಟಲ್ಸ್ ಹಾಡಿದ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಟೇಪ್ ಓಡಿಸುತ್ತಿದ್ದವರು. ಹಳೇ ಸದ್ದು ಹೇಗೆ ಹುಟ್ಟುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಡೀ ತಟ್ಟೆ 1967–68ರ ಸೈಕೆಡೆಲಿಕ್ ಪಾಪ್‌ನ, ಅಂದರೆ ಕನಸಿನಂಥ ವಿಚಿತ್ರ ಸದ್ದುಗಳ ಪಾಪ್ ಹಾಡುಗಳ, ಅಣಕು. ಆರೇ ಹಾಡು, ಅರ್ಧ ಗಂಟೆಯೂ ಇಲ್ಲ. ಅವರು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಹಾಡು ಆ ಕಾಲದ ರೀತಿಯಲ್ಲೇ ಇರಬೇಕು, ಒಂದು ಹಾಡಿಗೆ ಎರಡಕ್ಕಿಂತ ಜಾಸ್ತಿ ಟೇಕ್ ಇಲ್ಲ, ಆದಷ್ಟೂ ಆ ಕಾಲದ ಸಲಕರಣೆಯನ್ನೇ ಬಳಸಬೇಕು. ಮೊದಲ ಹಾಡಲ್ಲಿ ಆ ಕಾಲದ ಅಮೆರಿಕದ ತಂಡ ಎಲೆಕ್ಟ್ರಿಕ್ ಪ್ರೂನ್ಸ್ ಕಾಣುತ್ತದೆ. ಎರಡನೆಯದರಲ್ಲಿ, ಸಿಡ್ ಬ್ಯಾರೆಟ್ ಹಾಡು ಬರೆದು ಹಾಡುತ್ತಿದ್ದ ಮೊದಲ ದಿನಗಳ ಪಿಂಕ್ ಫ್ಲಾಯ್ಡ್ ತಂಡ. ಕೊನೆಯ ಹಾಡಿನಲ್ಲಂತೂ 1967ರ ಬೀಟಲ್ಸ್ ಎದ್ದು ಬರುತ್ತಾರೆ. ನಮ್ಮ ಕಡೆ ಮೇಳದ ಹುಡುಗನೊಬ್ಬ ಹಿರಿಯ ವೇಷಧಾರಿಯ ಹೆಜ್ಜೆ, ಕುತ್ತಿಗೆ ತಿರುಗಿಸುವ ರೀತಿ ಎಲ್ಲ ಹಾಗೇ ಮಾಡಿ ತೋರಿಸಿದಾಗ ನಗುತ್ತಾ ನಗುತ್ತಾ ಕೈ ಮುಗಿಯಬೇಕು ಅನ್ನಿಸುತ್ತದಲ್ಲ, ಹಾಗೆ. ಅಷ್ಟು ನೋಡಿಟ್ಟುಕೊಳ್ಳಬೇಕಾದರೆ ಪ್ರೀತಿ ಇರಲೇಬೇಕು. ಅದಕ್ಕೇ ಈ ತಟ್ಟೆ ನನಗೆ ಎಕ್ಸ್‌ಟಿಸಿಯ ‘ಸ್ವಂತ’ ತಟ್ಟೆಗಳಷ್ಟೇ ಇಷ್ಟ.

ಅಣಕು ಇರುವುದು ಸದ್ದಿನಲ್ಲೇ. ಸದ್ದನ್ನು ಬೇಕೆಂದೇ ಒರಟು ಮಾಡಿದ ಫಜ್ ಗಿಟಾರಿನ ಗೊರಗೊರ, ಟೇಪ್‌ನಲ್ಲಿ ಹಿಡಿದ ಸ್ವರಗಳನ್ನು ನುಡಿಸುವ ಕೀಬೋರ್ಡ್ ಮೆಲ್ಲೋಟ್ರಾನಿನ ಸ್ವಲ್ಪ ನಡುಗುವ ಸ್ವರ, ಉಲ್ಟಾ ಓಡುವ ಟೇಪ್. ಇದನ್ನು ಡಿಜಿಟಲ್ ಮಾಡುವವರಿಗೆ ಯಾವುದು ಧೂಳು, ಯಾವುದು ಹಾಡು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಅನುಭವಿಸಿದ್ದೇನೆ. ಮೊದಲು ಬೇರೆ ಊರಿನ ಒಂದು ಕಡೆ ಕೊಟ್ಟಿದ್ದೆ. ಮೊದಲ ಹಾಡು ಗಡಿಯಾರದ ಟಿಕ್ ಟಿಕ್‌ನಿಂದ ಶುರುವಾಗುತ್ತದೆ. ಅವರ ಸಾಫ್ಟ್‌ವೇರ್ ಅದನ್ನು ಗೀರಿನ ಚಟಪಟ ಅಂದುಕೊಂಡು ಒರೆಸಿ ಹಾಕಿತ್ತು! ಗಡಿಯಾರ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಸಿಂಬಲ್‌ಗಳೆಲ್ಲ ನೀರಿನಡಿ ಬಾರಿಸಿದ ಹಾಗೆ. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅದಕ್ಕೆ.

ದುರ್ಗಿಗುಡಿಯವರು ಹಾಗೆ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಅಲೆಗಳನ್ನು ದೊಡ್ಡದು ಮಾಡಿ ನನಗೇ ತೋರಿಸಿದರು. ಗೀರಿನ ಸದ್ದು ಸೂಜಿಯ ಮೊನೆಯಂತೆ ಒಂದೇ ಗೆರೆ, ಎದ್ದ ಕೂಡಲೇ ಮುಗಿದುಹೋಗುತ್ತದೆ. ಗಡಿಯಾರದ ಟಿಕ್ಕಿಗೆ ಹಿಂದೆ ಸಣ್ಣ ಬಾಲವಿದೆ. “ಇದು ಗಡಿಯಾರ ಅಲ್ವಾ? ಇದನ್ನ ಯಾಕೆ ತೆಗೀಬೇಕು ಮಾರಾಯ್ರೆ?” ಅಂದರು. ಆಮೇಲೆ ಗೀರುಗಳನ್ನು ಒಂದೊಂದಾಗಿ ಕೈಯಲ್ಲೇ ತೆಗೆದರು. ಬೇಸ್ ಗಿಟಾರಿನ ಹಿಂದೆ ಇರುವ ಸಣ್ಣ ಸುಯ್ ಸದ್ದನ್ನು ಹಾಗೇ ಬಿಟ್ಟರು. ಹೆಡ್‌ಫೋನ್ ಹಾಕಿ ಕೇಳಿದಾಗ ಫಜ್ ಗಿಟಾರಿನ ಮುಳ್ಳು ಮುಳ್ಳು ಅಂಚು ಪೂರ್ತಿ ಇತ್ತು. ಕೊನೆಯ ಹಾಡು ಮುಗಿದೇಹೋಯಿತು ಅನ್ನುವ ಹಾಗೆ ಸಣ್ಣಗಾಗಿ ಮತ್ತೆ ಮೇಲೇಳುತ್ತದಲ್ಲ, ಆ ಸಣ್ಣ ಜಾಗವನ್ನೂ ಕತ್ತರಿಸಿರಲಿಲ್ಲ. ಖುಷಿಯಾಯಿತು.

ತೊಳೆಯುವುದರ ಬಗ್ಗೆಯೂ ಹೇಳಬೇಕು, ಮಲೆನಾಡಿನವರಿಗೆ ಇದೇ ಮುಖ್ಯ. ಈ ತಟ್ಟೆ ನನ್ನ ಚಿಕ್ಕಪ್ಪನದು, ತೀರ್ಥಹಳ್ಳಿ ಹತ್ತಿರದ ಮನೆಯ ಅಟ್ಟದಲ್ಲಿ ಎಷ್ಟೋ ಮಳೆಗಾಲ ಕಳೆದಿತ್ತು. ತಟ್ಟೆ ಮೇಲೆ ಬಿಳೀ ಬೂಷ್ಟು, ಕವರಿಗೆ ಮುಗ್ಗಲು ವಾಸನೆ. ಅವರು ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸಿ, ನಿಲ್ಲಿಸಿ ಒಣಗಿಸುತ್ತಾರೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ತಟ್ಟೆಗಳಿಗೆ ಆಲ್ಕೋಹಾಲ್ ಮುಟ್ಟಿಸಬಾರದು, ಅವು ಹಾಳಾಗುತ್ತವೆ. ಮನೆಯಲ್ಲಿ ನೀವೇ ತೊಳೆಯುವುದಾದರೆ ಇದನ್ನು ಮರೆಯಬೇಡಿ. ಬೂಷ್ಟು ಬರದಿರಲಿ ಅಂತ ಬಚ್ಚಲೊಲೆ ಪಕ್ಕ ಇಡುವವರಿದ್ದಾರೆ, ಅದೂ ಬೇಡ. ಬಿಸಿಗೆ ವಿನೈಲ್ ಬಾಗುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಇಡಿ.

ಕೊರತೆಗಳೂ ಇವೆ. ಒಂದು ಬದಿಗೆ ಒಂದೇ ಫೈಲ್ ಕೊಡುತ್ತಾರೆ. ಹಾಡು ಹಾಡಾಗಿ ಬೇಕಾದರೆ ಮೊದಲೇ ಹೇಳಿ, ಬೇಸರಿಸದೆ ಮಾಡಿಕೊಡುತ್ತಾರೆ. ಈ ತಟ್ಟೆಯನ್ನಂತೂ ಬದಿ ಬದಿಯಾಗಿ ಕೇಳುವುದೇ ಚಂದ ಅಂತ ನನಗನ್ನಿಸುತ್ತದೆ. ಕವರ್ ಸ್ಕ್ಯಾನ್ ಮಾಡುವುದಿಲ್ಲ. ಇಲ್ಲಿ ಅದು ನಷ್ಟವೇ, ಏಕೆಂದರೆ ಪಾರ್ಟ್ರಿಜ್ ತಾವೇ ಮಾಡಿದ ಆ ಕಣ್ಣು ಕುಕ್ಕುವ ಬಣ್ಣದ ಕವರ್ ಕೂಡ ಅಣಕಿನದೇ ಭಾಗ. ನಾನು ಬೇರೆ ಕಡೆ ಹೋಗಿ ಮಾಡಿಸಿದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ತೆಗೆಯುವುದು ನಾಲ್ಕರ ಮೇಲೆ.

ಒಂದು ಎಲ್‌ಪಿಗೆ ತೊಳೆಯುವುದೂ ಸೇರಿ 400 ರೂಪಾಯಿ. 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್, ಅಂದರೆ ಕುಗ್ಗಿಸದ ಆಡಿಯೋ ಫೈಲ್, ಸಿಗುತ್ತದೆ. ಪೆನ್‌ಡ್ರೈವ್ ನಿಮ್ಮದೇ ಒಯ್ಯಿರಿ. ಜೋರು ಮಳೆ ಇರುವಾಗ ತಟ್ಟೆ ಸರಿಯಾಗಿ ಒಣಗುವುದಿಲ್ಲ ಅಂತ ಆಷಾಢ, ಶ್ರಾವಣದಲ್ಲಿ ತೊಳೆಯುವ ಕೆಲಸ ಹಿಡಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಕೊಟ್ಟರೆ ವಾರದೊಳಗೆ ಕೈಗೆ ಬರುತ್ತದೆ. ಡ್ಯೂಕ್ಸ್‌ನ 1987ರ ಎರಡನೇ ತಟ್ಟೆ ‘ಸಾನಿಕ್ ಸನ್‌ಸ್ಪಾಟ್’ ಅದೇ ಅಟ್ಟದಲ್ಲಿದೆ, ಅದನ್ನೂ ಇವರಿಗೇ ಕೊಡುತ್ತೇನೆ.