ಅದೇ ಕಂಪನಿಯ ಎರಡನೇ ರಿಸೀವರ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಹೋಮ್ ಥಿಯೇಟರಿನಲ್ಲಿ ಈಗ ಇರುವುದು ಅದೇ ಕಂಪನಿಯ ಎರಡನೇ ರಿಸೀವರ್, ಅಂದರೆ ಪ್ಲೇಯರಿನ ಚಿತ್ರವನ್ನು ಟಿವಿಗೆ ದಾಟಿಸಿ ಸೌಂಡನ್ನು ಸ್ಪೀಕರ್‌ಗಳಿಗೆ ಹಂಚುವ ಡಬ್ಬ. ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಆ ಕಂಪನಿಯ ಅಭಿಮಾನಿಗಳು ಮೊದಲ ಸಾಲಿಗೇ ತಲೆಯಾಡಿಸುತ್ತಾರೆ, ಉಳಿದವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಹಳೆಯದು ಕೆಟ್ಟಿರಲಿಲ್ಲ. ಆದರೆ 4ಕೆ ಚಿತ್ರ ಅದರ ಮೂಲಕ ಹೋಗುತ್ತಿರಲಿಲ್ಲ. ಬ್ಲೂ-ರೇ ಪ್ಲೇಯರನ್ನು ನೇರ ಟಿವಿಗೆ ಸಿಕ್ಕಿಸಿದರೆ ಡಿಸ್ಕಿನಲ್ಲಿರುವ ಟ್ರೂಎಚ್‌ಡಿ (ಗುಣಮಟ್ಟ ಕಳೆಯದ ಡಾಲ್ಬಿ) ಸೌಂಡ್ ಹಳೆಯ ಆರ್ಕ್ ದಾರಿಯಲ್ಲಿ, ಅಂದರೆ ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಯಿಂದ ರಿಸೀವರಿಗೆ, ವಾಪಸ್ ಬರಲ್ಲ, ಅದಕ್ಕೆ ಅದರ ಹೊಸ ರೂಪವಾದ ಇ-ಆರ್ಕ್ ಬೇಕು. ಹಾಗಾಗಿ ಬದಲಾಯಿಸಿದೆ.

ಯಾವುದು ತಗೊಳ್ಳಲಿ ಅಂತ ಕೇಳಿದಾಗ ಎಲ್ಲರೂ ತಮ್ಮ ಹತ್ತಿರ ಇರುವುದನ್ನೇ ಹೇಳಿದರು. ಸಹಜ ಬಿಡಿ, ನಾಲ್ಕು ರಿಸೀವರನ್ನು ಪಕ್ಕಪಕ್ಕ ಇಟ್ಟು ಕೇಳಿದವರು ಎಷ್ಟು ಜನ ಇರ್ತಾರೆ? ಡೆನಾನ್ ಸಿನಿಮಾಗೆ, ಮರಾಂಟ್ಜ್ ಹಾಡಿಗೆ ಅನ್ನುವ ಮಾತು ಇವತ್ತಿಗೂ ಓಡುತ್ತಿದೆ. ಇವೆರಡೂ 2002ರಿಂದ ಒಂದೇ ಮನೆಯ ಮಕ್ಕಳು. ಆ ಮನೆಗೂ ಯಜಮಾನರು ಬದಲಾಗುತ್ತಲೇ ಇದ್ದಾರೆ: 2017ರಲ್ಲಿ ಸೌಂಡ್ ಯುನೈಟೆಡ್, 2022ರಲ್ಲಿ ಮಾಸಿಮೊ, 2025ರಲ್ಲಿ ಸ್ಯಾಮ್‌ಸಂಗ್ ಬಳಗದ ಹರ್ಮನ್. ಓಂಕ್ಯೋ ಕಂಪನಿ 2022ರಲ್ಲಿ ದಿವಾಳಿಯೇ ಆಯಿತು, ಹೆಸರು ಮಾತ್ರ ಬೇರೆಯವರ ಕೈಯಲ್ಲಿ ಮುಂದುವರಿದಿದೆ. ಹಾಗಾದರೆ ನಮ್ಮ ನಿಷ್ಠೆ ಯಾರಿಗೆ? 2020ರಲ್ಲಿ ಡೆನಾನ್, ಮರಾಂಟ್ಜ್, ಯಮಾಹಾ ಮೂರರ ಹೊಸ ಮಾಡೆಲ್‌ಗಳಲ್ಲೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಗೇಮ್ ಕನ್ಸೋಲ್ ಜೋಡಿಸಿ 4ಕೆ 120 ಹರ್ಟ್ಜ್‌ಗೆ ಇಟ್ಟರೆ ಪರದೆ ಕಪ್ಪಾಗುತ್ತಿತ್ತು. ಒಳಗಿದ್ದ ಎಚ್‌ಡಿಎಂಐ ಚಿಪ್ ಒಂದೇ ಕಡೆಯಿಂದ ಬಂದದ್ದು!

ಇಷ್ಟೆಲ್ಲಾ ಗೊತ್ತಿದ್ದೂ ನಾನು ಅದೇ ಕಂಪನಿಗೆ ಹೋದೆ. ಕಾರಣ, ಅದರ ಮೆನು ನನಗೆ ಬಾಯಿಪಾಠ, ರೂಮ್ ಕ್ಯಾಲಿಬ್ರೇಷನ್ (ಮೈಕ್ ಇಟ್ಟು ಅಳೆದು ಸೌಂಡನ್ನು ರೂಮಿಗೆ ಹೊಂದಿಸುವುದು) ಎಲ್ಲಿ ಎಡವುತ್ತದೆ ಅಂತಲೂ ಗೊತ್ತು. ಕಂಪನಿಗಳ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸ ಏನಾದರೂ ಇದ್ದರೆ ಅದು ಹೆಚ್ಚಾಗಿ ಇಲ್ಲೇ. ಡೆನಾನ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಾವೊ, ಈಗಿನ ಓಂಕ್ಯೋದಲ್ಲಿ ಡಿರಾಕ್.

ಮೈಕನ್ನು ಸೋಫಾದ ಮೇಲೆ ಸುಮ್ನೆ ಇಡಬೇಡಿ. ಟ್ರೈಪಾಡ್ ಮೇಲೆ, ಕಿವಿಯ ಎತ್ತರಕ್ಕೆ ಇರಲಿ. ಫ್ಯಾನ್ ಆಫ್ ಮಾಡಿ. ಒಂದೊಂದೇ ಸ್ಪೀಕರ್ ಚುಂಯ್ ಚುಂಯ್ ಅನ್ನುತ್ತದೆ. ಆಮೇಲೆ ಮೈಕನ್ನು ಸ್ವಲ್ಪ ಸರಿಸಿ ಮತ್ತೆ ಅದೇ. ಎಲ್ಲಾ ಮುಗಿದ ಮೇಲೆ ನೋಡಿದರೆ ನನ್ನ ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಅಂತ, ಅಂದರೆ ಆಳದ ಬಾಸನ್ನೂ ತಾವೇ ನುಡಿಸಬಲ್ಲವು ಅಂತ, ಗುರುತಿಸಿತ್ತು. ಹಳೆಯ ಮಾಡೆಲ್ಲೂ ಹೀಗೇ ಮಾಡುತ್ತಿತ್ತು. 'ಸ್ಮಾಲ್' ಮಾಡಿ ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಬಾಸ್ ಸಬ್‌ವೂಫರಿಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಜ್‌ಗೆ ತಂದೆ. ಗುಡುಗಿನ ಕೆಲಸ ಸಬ್‌ವೂಫರಿಗೆ ಹೋಯಿತು, ಸೆಂಟರ್ ಸ್ಪೀಕರಿನಲ್ಲಿ ಡೈಲಾಗ್ ಬಿಡಿಸಿ ಕೇಳಿಸತೊಡಗಿತು. ಬೇರೆ ಕಂಪನಿಗೆ ಹೋಗಿದ್ದರೆ ಇದನ್ನೆಲ್ಲ ಮೊದಲಿನಿಂದ ಕಲಿಯಬೇಕಿತ್ತು.

ಸಿಟ್ಟು ಬರಿಸುವುದೂ ಇದೆ. ಇನ್‌ಪುಟ್ ಬದಲಿಸಿದರೆ ಒಳಗೆ ಟಕ್ ಅನ್ನುತ್ತದೆ, ಪರದೆ ಕಪ್ಪಾಗಿ ನಿಧಾನಕ್ಕೆ ಬರುತ್ತದೆ. ಅದಕ್ಕೆ ಹೊಂದಿಕೊಂಡೆ. ಆದರೆ ಒಂದು ಅಪ್‌ಡೇಟ್ ಆದ ಮೇಲೆ ಟಿವಿ ಜೊತೆ ರಿಸೀವರ್ ಆಫ್ ಆಗುವುದೇ ನಿಂತುಹೋಯಿತು. ಸರ್ವಿಸ್‌ನವರ ಉತ್ತರ ಒಂದೇ, ರೀಸೆಟ್ ಮಾಡಿ. ಮಾಡಿದರೆ ಕ್ಯಾಲಿಬ್ರೇಷನ್ ಎಲ್ಲಾ ಅಳಿಸಿಹೋಗುತ್ತೆ ಅಲ್ವಾ? ಮುಂದಿನ ಅಪ್‌ಡೇಟ್ ಬರುವವರೆಗೂ ಕೈಯಲ್ಲೇ ಆಫ್ ಮಾಡುತ್ತಿದ್ದೆ.

ಯಾರಾದರೂ ಸಲಹೆ ಕೇಳಿದರೆ ಈಗ ಮೊದಲು ಅವರ ರೂಮು, ಸ್ಪೀಕರ್ ಬಗ್ಗೆ ಕೇಳುತ್ತೇನೆ. ಡಬ್ಬದ ಮೇಲಿನ ದೊಡ್ಡ ವ್ಯಾಟ್ ಅಂಕಿಗೆ ಮರುಳಾಗಬೇಡಿ. ಎಷ್ಟೋ ಸಲ ಅದು ಒಂದೇ ಚಾನೆಲ್ ಓಡಿಸಿ, 10% ಡಿಸ್ಟಾರ್ಷನ್ (ಸೌಂಡ್ ವಿರೂಪ) ಒಪ್ಪಿಕೊಂಡು ಬರೆದ ಲೆಕ್ಕ. ಎರಡು ಚಾನೆಲ್, 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್ ಅಂತ ಬರೆದಿರುವ ಸಾಲು ಹುಡುಕಿ. ಮತ್ತೆ, ರಿಸೀವರ್ ಮೇಲೆ ಬೇರೆ ಯಾವ ಡಬ್ಬವನ್ನೂ ಇಡಬೇಡಿ. ನನ್ನದು ಸಿನಿಮಾ ಮುಗಿಯುವ ಹೊತ್ತಿಗೆ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ.